ಕಂಪನಿಗಳ ವಿಲೀನಕ್ಕೆ ಸಲಹೆ ಕೊಡುವ ವೃತ್ತಿ: ಫೆಲಿಕ್ಸ್ ರೊಹಾಟಿನ್ ಅವರ ದಾರಿಯಲ್ಲಿ ಹೋಗಬಹುದೇ?

ಓದುಗರ ಪ್ರಶ್ನೆ: ನಾನು 27 ವರ್ಷದ ಚಾರ್ಟರ್ಡ್ ಅಕೌಂಟೆಂಟ್, ಹಾಸನ ಜಿಲ್ಲೆಯವನು. ನಾಲ್ಕು ವರ್ಷಗಳಿಂದ ಬೆಂಗಳೂರಿನ ಒಂದು ಆಡಿಟ್ ಸಂಸ್ಥೆಯಲ್ಲಿದ್ದೇನೆ. ಈಗ ಮುಂಬೈನ ಸಣ್ಣ ಸಲಹಾ ಸಂಸ್ಥೆಯೊಂದು ಕಂಪನಿಗಳ ವಿಲೀನ ಮತ್ತು ಸ್ವಾಧೀನದ ಕೆಲಸಕ್ಕೆ ಕರೆದಿದೆ. ತಿಂಗಳ ಸಂಬಳ ಈಗಿನದಕ್ಕಿಂತ ಸ್ವಲ್ಪವೇ ಹೆಚ್ಚು. ವ್ಯವಹಾರ ಮುಗಿದರೆ ದೊಡ್ಡ ಬೋನಸ್ ಇದೆ ಎನ್ನುತ್ತಾರೆ. ನ್ಯೂಯಾರ್ಕಿನ ಲಜಾರ್ಡ್ ಎಂಬ ಹೂಡಿಕೆ ಬ್ಯಾಂಕಿನ ಫೆಲಿಕ್ಸ್ ರೊಹಾಟಿನ್ ಅವರ ಬಗ್ಗೆ ಓದಿದಾಗಿನಿಂದ ನನಗೆ ಈ ವೃತ್ತಿಯ ಮೇಲೆ ಆಸೆ. ಆದರೆ ನಮ್ಮ ಸೋದರಮಾವ, "ಇದು ಜಮೀನು ದಲ್ಲಾಳಿಯ ಕೆಲಸವೇ, ದೊಡ್ಡವರ ಪರಿಚಯವಿಲ್ಲದ ನಿನಗೆ ಅಲ್ಲೇನು ಸಿಗುತ್ತದೆ" ಎನ್ನುತ್ತಾರೆ. ರೊಹಾಟಿನ್ ಅವರನ್ನೇ ಒಂದು ನಗರವನ್ನು ಉಳಿಸಿದವರೆಂದು ಕೆಲವರು, ತೆರೆಮರೆಯಲ್ಲಿ ಕೆಲಸ ಸಾಧಿಸಿಕೊಂಡವರೆಂದು ಇನ್ನು ಕೆಲವರು ಬರೆದಿದ್ದಾರೆ. ಯಾವುದನ್ನು ನಂಬಲಿ? ನಾನು ಈ ಕೆಲಸಕ್ಕೆ ಸೇರಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕಗಳಿವೆ. ಪರಿಚಯದ ಬಲವಿಲ್ಲದವರಿಗೆ ಈ ವೃತ್ತಿಯಲ್ಲಿ ಜಾಗವಿದೆಯೇ ಎಂಬುದು ಮೊದಲನೆಯದು. ಜಾಗ ಸಿಕ್ಕರೂ ಅದು ಮರ್ಯಾದೆಯಿಂದ ಮಾಡಬಹುದಾದ ಕೆಲಸವೇ ಎಂಬುದು ಎರಡನೆಯದು. ಸಂಬಳ, ಬೋನಸ್, ಮುಂಬೈಗೆ ಹೋಗುವುದು, ಇವೆಲ್ಲ ಈ ಎರಡಕ್ಕೆ ಉತ್ತರ ಸಿಕ್ಕಮೇಲೆ ತೀರ್ಮಾನಿಸಬೇಕಾದ ಸಂಗತಿಗಳು. ಕಂಪನಿಗಳ ಮಾರಾಟ ಮತ್ತು ವಿಲೀನದ ಸಲಹೆಯಲ್ಲೇ ವೃತ್ತಿಜೀವನದ ಬಹುಪಾಲನ್ನು ಕಳೆದವನಾದ್ದರಿಂದ, ನನಗೆ ತಿಳಿದಷ್ಟನ್ನು ಮುಚ್ಚುಮರೆಯಿಲ್ಲದೆ ಬರೆಯುತ್ತೇನೆ. ನೀವು ಹೆಸರಿಸಿದ ವ್ಯಕ್ತಿಯ ಬದುಕನ್ನೇ ಮುಂದಿಟ್ಟುಕೊಳ್ಳೋಣ. ಈ ವೃತ್ತಿ ಹೆಮ್ಮೆಪಡಬೇಕಾದದ್ದೂ ನಾಚಬೇಕಾದದ್ದೂ ಆ ಒಂದೇ ಬದುಕಿನಲ್ಲಿ ಸಿಗುತ್ತದೆ.

ಪರಿಚಯದ ಮಾತು ಮೊದಲು. ರೊಹಾಟಿನ್ 1928ರಲ್ಲಿ ವಿಯೆನ್ನಾದ ಯಹೂದಿ ಕುಟುಂಬದಲ್ಲಿ ಹುಟ್ಟಿದವರು. 1940ರಲ್ಲಿ ಜರ್ಮನ್ ಸೇನೆ ಫ್ರಾನ್ಸಿಗೆ ನುಗ್ಗಿದಾಗ, ಟೂತ್‌ಪೇಸ್ಟ್ ಟ್ಯೂಬುಗಳಲ್ಲಿ ಚಿನ್ನದ ನಾಣ್ಯಗಳನ್ನು ಬಚ್ಚಿಟ್ಟುಕೊಂಡು ಅಲ್ಲಿ ನೆಲೆಸಿದ್ದ ಕುಟುಂಬದವರು ಪಾರಾದರು. ಕಾಸಾಬ್ಲಾಂಕಾ, ಲಿಸ್ಬನ್, ರಿಯೊ ಡಿ ಜನೈರೊಗಳನ್ನು ಹಾದು 1942ರಲ್ಲಿ ನ್ಯೂಯಾರ್ಕ್ ಸೇರಿದರು. ಮಿಡಲ್‌ಬರಿ ಕಾಲೇಜಿನಲ್ಲಿ ಅವರು ಓದಿದ್ದು ಭೌತಶಾಸ್ತ್ರ. ಲಜಾರ್ಡ್‌ನಲ್ಲಿ ಆಂಡ್ರೆ ಮೇಯರ್ ಎಂಬ ಕಟ್ಟುನಿಟ್ಟಿನ ಯಜಮಾನರ ಕೈಕೆಳಗೆ ಮೊದಲು ವಿದೇಶಿ ಹಣದ ವಿನಿಮಯದ ಕೆಲಸ ಕಲಿತು, ಕಂಪನಿಗಳ ಕೊಡುಕೊಳ್ಳುವಿಕೆಗೆ ಆಮೇಲೆ ಬಂದರು. ಪರದೇಶದಿಂದ ಓಡಿಬಂದ ಹುಡುಗನಿಗೆ ಅಮೆರಿಕದ ಕಂಪನಿ ಮುಖ್ಯಸ್ಥರ ಪರಿಚಯ ಹುಟ್ಟಿನಿಂದ ಬರಲು ಸಾಧ್ಯವಿರಲಿಲ್ಲ. ಅದು ಕೆಲಸದ ಮೂಲಕ, ಹತ್ತು ಹದಿನೈದು ವರ್ಷಗಳ ಅವಧಿಯಲ್ಲಿ ಬಂತು. ಹಾಗೆಂದು ನಿಮ್ಮ ಮಾವನವರ ಮಾತನ್ನು ಪೂರ್ತಿ ತಳ್ಳಿಹಾಕುವಂತೆಯೂ ಇಲ್ಲ, ಏಕೆಂದರೆ ಆಂಡ್ರೆ ಮೇಯರ್ ಅವರ ಹೆಸರಿನ ನೆರಳು ಇಲ್ಲದಿದ್ದರೆ ಆ ಬಾಗಿಲುಗಳು ಅಷ್ಟು ಬೇಗ ತೆರೆಯುತ್ತಿರಲಿಲ್ಲ. ಮೊದಲ ಬಾಗಿಲನ್ನು ಸಂಸ್ಥೆಯ ಹೆಸರು ತೆರೆಸುತ್ತದೆ. ಎರಡನೆಯ ಸಲ ಕಕ್ಷಿದಾರ ನಿಮ್ಮನ್ನೇ ಕರೆಯುವುದು ಮೊದಲ ಸಲದ ಕೆಲಸ ನೋಡಿ.

ಆ ಕೆಲಸ ಯಾವ ಬಗೆಯದು ಎಂಬುದಕ್ಕೆ ಏವಿಸ್ ಒಳ್ಳೆಯ ಉದಾಹರಣೆ. ಬಾಡಿಗೆ ಕಾರುಗಳ ಈ ಕಂಪನಿಯನ್ನು ಲಜಾರ್ಡ್ 1962ರಲ್ಲಿ ತಾನೇ ಕೊಂಡಿತು, ಹೊಸ ಆಡಳಿತವನ್ನು ತಂದು ಅದನ್ನು ಲಾಭಕ್ಕೆ ತಿರುಗಿಸಿತು, 1965ರಲ್ಲಿ ಐಟಿಟಿ ಎಂಬ ದೂರಸಂಪರ್ಕ ಕಂಪನಿಗೆ ಮಾರಿತು. ಐಟಿಟಿಯ ಮುಖ್ಯಸ್ಥ ಹೆರಾಲ್ಡ್ ಜೆನೀನ್ ಅವರಿಗೆ ಕಂಪನಿಗಳನ್ನು ಕೊಳ್ಳುವ ಹಸಿವು ಅಪಾರ. ರೊಹಾಟಿನ್ ಈ ಜೆನೀನ್ ಅವರಿಗೆ ಸಲಹೆಗಾರರಾದರು, ಮುಂದೆ ಐಟಿಟಿಯ ನಿರ್ದೇಶಕರೂ ಆದರು. ಹೋಟೆಲು, ಬ್ರೆಡ್ಡು, ಮನೆ ಕಟ್ಟುವ ಉದ್ಯಮ, ವಿಮೆ ಎಂದು ಒಂದಕ್ಕೊಂದು ಸಂಬಂಧವಿಲ್ಲದ ಕಂಪನಿಗಳೆಲ್ಲ ಒಂದೇ ಸೂರಿನಡಿ ಬಂದವು.

ಇದೇಕೆ ಹೀಗಾಯಿತು ಎಂದು ನೀವು ಅಕೌಂಟೆಂಟ್ ಆಗಿ ಕೇಳಬೇಕು. ಒಂದು ಕಾರಣ ಕಾನೂನಿನದು. 1950ರ ತಿದ್ದುಪಡಿಯ ನಂತರ ಒಂದೇ ಉದ್ಯಮದ ಕಂಪನಿಗಳು ಒಂದಾಗುವುದನ್ನು ಅಮೆರಿಕದ ಸ್ಪರ್ಧಾ ಕಾನೂನು ಬಿಗಿಯಾಗಿ ತಡೆಯುತ್ತಿತ್ತು, ಬೇರೆ ಉದ್ಯಮದ ಕಂಪನಿಯನ್ನು ಕೊಳ್ಳಲು ಅಷ್ಟು ಅಡ್ಡಿಯಿರಲಿಲ್ಲ. ಇನ್ನೊಂದು ಕಾರಣ ಲೆಕ್ಕದ್ದು, ಅದನ್ನು ರೂಪಾಯಿಯಲ್ಲೇ ಹೇಳುತ್ತೇನೆ. ಒಂದು ಕಂಪನಿಗೆ 10 ಕೋಟಿ ಲಾಭ, 1 ಕೋಟಿ ಷೇರು, ಅಂದರೆ ಷೇರಿಗೆ 10 ರೂಪಾಯಿ ಗಳಿಕೆ. ಮಾರುಕಟ್ಟೆ ಅದಕ್ಕೆ ಗಳಿಕೆಯ 30 ಪಟ್ಟು, ಅಂದರೆ 300 ರೂಪಾಯಿ ಬೆಲೆ ಕಟ್ಟಿದೆ. ಇನ್ನೊಂದು ಕಂಪನಿಗೂ 10 ಕೋಟಿಯೇ ಲಾಭ, ಆದರೆ ಅದಕ್ಕೆ ಸಿಗುವುದು 10 ಪಟ್ಟು ಮಾತ್ರ, ಹಾಗಾಗಿ ಇಡೀ ಕಂಪನಿಯ ಬೆಲೆ 100 ಕೋಟಿ. ಮೊದಲನೆಯದು ಸುಮಾರು 33.3 ಲಕ್ಷ ಹೊಸ ಷೇರು ಕೊಟ್ಟು ಎರಡನೆಯದನ್ನು ಕೊಂಡರೆ, 20 ಕೋಟಿ ಲಾಭ 1.333 ಕೋಟಿ ಷೇರುಗಳಿಗೆ ಹಂಚಿಹೋಗಿ ಷೇರಿನ ಗಳಿಕೆ 15 ರೂಪಾಯಿಗೆ ಏರುತ್ತದೆ. ಒಂದು ಹೊಸ ವಸ್ತುವೂ ತಯಾರಾಗಿಲ್ಲ, ಒಂದು ಹೊಸ ಗಿರಾಕಿಯೂ ಬಂದಿಲ್ಲ, ಗಳಿಕೆ ಮಾತ್ರ ಶೇಕಡ 50ರಷ್ಟು ಹೆಚ್ಚಿದಂತೆ ಕಾಣುತ್ತದೆ. ಮಾರುಕಟ್ಟೆ ಆ 30 ಪಟ್ಟನ್ನು ಕೊಡುತ್ತಿರುವವರೆಗೆ ಈ ಓಟ ನಡೆಯುತ್ತದೆ, ನಿಲ್ಲಿಸಿದ ದಿನ ಮುಗ್ಗರಿಸುತ್ತದೆ. ಐಟಿಟಿ ತನ್ನನ್ನು ತಾನೇ ಮೂರು ಕಂಪನಿಗಳಾಗಿ ಒಡೆದುಕೊಂಡದ್ದು 1995ರಲ್ಲಿ. ಸಲಹೆಗಾರನಿಗೆ ಕೂಡಿಸುವಾಗಲೂ ಶುಲ್ಕ ಬರುತ್ತದೆ, ಒಡೆಯುವಾಗಲೂ ಬರುತ್ತದೆ. ಈ ವೃತ್ತಿಗೆ ಸೇರುವವರು ಇದನ್ನು ಮೊದಲ ದಿನವೇ ಅರಿತಿರುವುದು ಒಳ್ಳೆಯದು.

ರೊಹಾಟಿನ್ ಅವರ ಹೆಸರಿಗೆ ಕಳಂಕ ತಂದದ್ದು ಹಾರ್ಟ್‌ಫರ್ಡ್ ಫೈರ್ ವಿಮಾ ಕಂಪನಿಯ ಪ್ರಕರಣ. ಐಟಿಟಿ ಅದನ್ನು 1970ರಲ್ಲಿ ತನ್ನೊಳಗೆ ಸೇರಿಸಿಕೊಂಡಾಗ ಅದು ಅಮೆರಿಕದ ಅಂದಿನ ಅತಿ ದೊಡ್ಡ ವಿಲೀನ. ನ್ಯಾಯ ಇಲಾಖೆ ಇದರ ವಿರುದ್ಧ 1969ರಲ್ಲೇ ಮೊಕದ್ದಮೆ ಹೂಡಿತ್ತು. 1971ರಲ್ಲಿ ಹಾರ್ಟ್‌ಫರ್ಡನ್ನು ಉಳಿಸಿಕೊಂಡು, ಏವಿಸ್ ಸೇರಿದಂತೆ ಬೇರೆ ಕೆಲವು ಕಂಪನಿಗಳನ್ನು ಐಟಿಟಿ ಬಿಟ್ಟುಕೊಡುವ ರಾಜಿಯಾಯಿತು. ಆ ರಾಜಿಗೆ ಮುನ್ನ ರೊಹಾಟಿನ್ ಇಲಾಖೆಯ ಎರಡನೆಯ ಹಿರಿಯ ಅಧಿಕಾರಿ ರಿಚರ್ಡ್ ಕ್ಲೈನ್‌ಡೀನ್ಸ್ಟ್ ಅವರನ್ನು ಹಲವು ಬಾರಿ ಭೇಟಿಯಾಗಿ ಐಟಿಟಿಯ ಪರ ವಾದಿಸಿದ್ದರು. 1972ರ ಸೆನೆಟ್ ವಿಚಾರಣೆಯಲ್ಲಿ ಇದು ಹೊರಬಂದಾಗ ಪತ್ರಿಕೆಗಳು ಅವರಿಗೆ "ಫೆಲಿಕ್ಸ್ ದಿ ಫಿಕ್ಸರ್" ಎಂಬ ಅಡ್ಡಹೆಸರಿಟ್ಟವು. ಅವರ ಮೇಲೆ ಯಾವ ಅಪರಾಧವೂ ಸಾಬೀತಾಗಲಿಲ್ಲ. ಆದರೆ ಒಬ್ಬನೇ ವ್ಯಕ್ತಿ ಕಂಪನಿಯ ನಿರ್ದೇಶಕನಾಗಿ, ಅದೇ ಕಂಪನಿಯಿಂದ ಶುಲ್ಕ ಪಡೆಯುವ ಸಂಸ್ಥೆಯ ಪಾಲುದಾರನಾಗಿ, ಮೇಲೆ ಸರ್ಕಾರದ ಮುಂದೆ ಅದರ ಪ್ರತಿನಿಧಿಯಾಗಿ ನಿಂತರೆ ಅವನ ಮಾತನ್ನು ಯಾರಾದರೂ ಯಾಕೆ ನಿಷ್ಪಕ್ಷಪಾತವೆಂದು ಒಪ್ಪಬೇಕು? ನನ್ನ ದೃಷ್ಟಿಯಲ್ಲಿ ಆ ಟೀಕೆ ನ್ಯಾಯವಾದದ್ದೇ.

ಇನ್ನು ನಿಮ್ಮ ಮಾವನವರ ದಲ್ಲಾಳಿಯ ಹೋಲಿಕೆ. ಅದರಲ್ಲಿ ಅರ್ಧ ನಿಜವಿದೆ, ಆ ಅರ್ಧ ಇರುವುದು ಶುಲ್ಕದ ಕ್ರಮದಲ್ಲಿ. ಈ ವೃತ್ತಿಯಲ್ಲಿ ಆರಂಭಕ್ಕೆ ಸಣ್ಣದೊಂದು ರಿಟೇನರ್ (ವ್ಯವಹಾರ ಮುಗಿಯದಿದ್ದರೂ ಸಿಗುವ ಶುಲ್ಕ), ವ್ಯವಹಾರ ಮುಗಿದ ಮೇಲೆ ದೊಡ್ಡ ಸಕ್ಸಸ್ ಫೀ ಇರುವುದು ರೂಢಿ. 1,000 ಕೋಟಿ ರೂಪಾಯಿಯ ಕಂಪನಿಯನ್ನು ಮಾರಿಕೊಡುವ ಸಲಹೆಗಾರನಿಗೆ ಶೇಕಡ 1 ಶುಲ್ಕವೆಂದು ಇಟ್ಟುಕೊಳ್ಳಿ. ವ್ಯವಹಾರ ಮುಗಿದರೆ ಅವನಿಗೆ 10 ಕೋಟಿ. ಇನ್ನೂ ಮೂರು ತಿಂಗಳು ಹಟ ಹಿಡಿದು ಬೆಲೆಯನ್ನು 1,100 ಕೋಟಿಗೆ ಏರಿಸಿದರೆ ಮಾಲೀಕನಿಗೆ 100 ಕೋಟಿ ಹೆಚ್ಚು, ಸಲಹೆಗಾರನಿಗೆ 1 ಕೋಟಿ ಮಾತ್ರ ಹೆಚ್ಚು. ಆದರೆ ಆ ಹಟದಿಂದ ವ್ಯವಹಾರ ಮುರಿದುಬಿದ್ದರೆ ಅವನು ಕಳೆದುಕೊಳ್ಳುವುದು ಇಡೀ 10 ಕೋಟಿ. ಹಾಗಾಗಿ ಮಾರುವವರ ಕಡೆಯ ಸಲಹೆಗಾರನ ಸ್ವಾರ್ಥ ಅವನನ್ನು ಬೇಗ ಮುಗಿಸುವ ಕಡೆಗೆ ತಳ್ಳುತ್ತದೆ. ಕೊಳ್ಳುವವರ ಕಡೆ ಇದ್ದರಂತೂ ಇನ್ನೂ ವಿಚಿತ್ರ, ಅಲ್ಲಿ ಕಕ್ಷಿದಾರ ಹೆಚ್ಚು ಕೊಟ್ಟಷ್ಟೂ ಸಲಹೆಗಾರನ ಶುಲ್ಕ ಹೆಚ್ಚುತ್ತದೆ. ನಾನು ಕಂಡಿರುವ ಕೆಟ್ಟ ಸಲಹೆಗಳಲ್ಲಿ ಹೆಚ್ಚಿನವು ದುಷ್ಟತನದಿಂದ ಬಂದವಲ್ಲ. ಈ ಲೆಕ್ಕ ಒಳಗೇ ಕೂತು, ವ್ಯವಹಾರದ ಅಪಾಯಗಳನ್ನು ಸಣ್ಣದಾಗಿ, ಲಾಭಗಳನ್ನು ದೊಡ್ಡದಾಗಿ ತೋರಿಸಿದ್ದರಿಂದ ಬಂದವು.

ಈ ಒತ್ತಡ ಎಲ್ಲಿಗೆ ಒಯ್ಯಬಲ್ಲದು ಎನ್ನುವುದಕ್ಕೆ ರೊಹಾಟಿನ್ ಅವರ ನಂತರದ ಪೀಳಿಗೆಯ ಬ್ರೂಸ್ ವಾಸರ್‌ಸ್ಟೈನ್ ಅವರನ್ನು ನೋಡಬೇಕು. ಕಾನೂನು ಮತ್ತು ವ್ಯವಹಾರ ಆಡಳಿತ ಎರಡನ್ನೂ ಹಾರ್ವರ್ಡ್‌ನಲ್ಲಿ ಓದಿ, ವಕೀಲರಾಗಿದ್ದು, 1977ರಲ್ಲಿ ಫಸ್ಟ್ ಬೋಸ್ಟನ್ ಎಂಬ ಹೂಡಿಕೆ ಬ್ಯಾಂಕನ್ನು ಸೇರಿದ ಅವರು ತಂತ್ರಗಾರಿಕೆಯಲ್ಲಿ ಅಸಾಮಾನ್ಯರು. 1981ರಲ್ಲಿ ಕಾನಕೊ ತೈಲ ಕಂಪನಿಗಾಗಿ ನಡೆದ ಪೈಪೋಟಿಯಲ್ಲಿ ಅವರ ತಂಡ ರಾಸಾಯನಿಕ ಕಂಪನಿಯಾದ ಡುಪಾಂಟ್ ಪರವಾಗಿತ್ತು. ಮೊಬಿಲ್ ಹೆಚ್ಚಿನ ಬೆಲೆ ಕೂಗಿಯೂ ಸೋತಿತು, ಏಕೆಂದರೆ ಎರಡು ತೈಲ ಕಂಪನಿಗಳು ಒಂದಾಗುವುದಕ್ಕೆ ಸ್ಪರ್ಧಾ ಕಾನೂನು ಅಡ್ಡ ಬಂದೀತೆಂದು ಷೇರುದಾರರು ಹೆದರಿದರು. ಆದರೆ ಅದೇ ವಾಸರ್‌ಸ್ಟೈನ್ ಅವರಿಗೆ ಕಕ್ಷಿದಾರರನ್ನು ಬೆಲೆ ಏರಿಸಲು ಹುರಿದುಂಬಿಸುವವರೆಂಬ ಹೆಸರೂ ಅಂಟಿಕೊಂಡಿತು. ಅವರು ಸಲಹೆ ನೀಡಿದ ಕೆನಡಾದ ರಾಬರ್ಟ್ ಕ್ಯಾಂಪೊ, 1988ರಲ್ಲಿ ಫೆಡರೇಟೆಡ್ ಡಿಪಾರ್ಟ್‌ಮೆಂಟ್ ಸ್ಟೋರ್ಸ್ ಕಂಪನಿಯನ್ನು ಸುಮಾರು 660 ಕೋಟಿ ಡಾಲರಿಗೆ, ಬಹುಪಾಲು ಸಾಲದಿಂದ ಕೊಂಡರು. 1990ರ ಜನವರಿಯಲ್ಲಿ ಆ ಅಂಗಡಿ ಸಮೂಹ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತು. ಸಲಹೆಗಾರರ ಶುಲ್ಕ ಅಷ್ಟರಲ್ಲಿ ಪಾವತಿಯಾಗಿತ್ತು. ಕೊಳ್ಳುವ ಹುಮ್ಮಸ್ಸು ಕ್ಯಾಂಪೊ ಅವರದೇ, ಅದನ್ನು ಸಲಹೆಗಾರರ ಮೇಲೆ ಹೊರಿಸಲಾಗದು. ಆದರೂ ಹುಮ್ಮಸ್ಸಿನಲ್ಲಿರುವ ಕಕ್ಷಿದಾರನಿಗೆ "ಇಲ್ಲಿಗೆ ಸಾಕು" ಎಂದು ಹೇಳಬೇಕಾದ ಮನುಷ್ಯ ಆ ಕೋಣೆಯಲ್ಲಿ ಸಲಹೆಗಾರನೇ. ಇದೇ ವಾಸರ್‌ಸ್ಟೈನ್ 2002ರಲ್ಲಿ ಲಜಾರ್ಡ್‌ನ ಮುಖ್ಯಸ್ಥರಾಗಿ, 2005ರಲ್ಲಿ ಅದರ ಷೇರುಗಳನ್ನು ಮಾರುಕಟ್ಟೆಗೆ ತಂದರು.

ಇದಕ್ಕೆ ಎದುರಾಗಿ ಸಿಗರೇಟು, ಬಿಸ್ಕತ್ತು ತಯಾರಿಸುತ್ತಿದ್ದ ಆರ್‌ಜೆಆರ್ ನಬಿಸ್ಕೊ ಕಂಪನಿಯ 1988ರ ಪ್ರಕರಣವನ್ನು ಇಡುತ್ತೇನೆ. ಕಂಪನಿಯ ಮುಖ್ಯಸ್ಥರೇ ತಮ್ಮ ಕಂಪನಿಯನ್ನು ಷೇರಿಗೆ 75 ಡಾಲರಿನಂತೆ ಕೊಳ್ಳಲು ಮುಂದಾಗಿದ್ದರು. ಸ್ವತಂತ್ರ ನಿರ್ದೇಶಕರ ವಿಶೇಷ ಸಮಿತಿಗೆ ಲಜಾರ್ಡ್ ಮತ್ತು ಡಿಲನ್ ರೀಡ್ ಸಲಹೆಗಾರರು, ಲಜಾರ್ಡ್ ಕಡೆಯಿಂದ ರೊಹಾಟಿನ್. ಪೈಪೋಟಿ ಬೆಳೆದು ಕೊನೆಗೆ ಮುಖ್ಯಸ್ಥರ ಗುಂಪು 112 ಡಾಲರ್, ಸಾಲ ಎತ್ತಿ ಕಂಪನಿಗಳನ್ನು ಕೊಳ್ಳುವ ಕೆಕೆಆರ್ ಸಂಸ್ಥೆ 109 ಡಾಲರ್ ಹೇಳಿದವು. ಸಮಿತಿ 109ನ್ನೇ ಒಪ್ಪಿತು. ಕೇಳಿದವರಿಗೆ ಇದು ಅನ್ಯಾಯವೆನಿಸುತ್ತದೆ. ಆದರೆ ಆ ಬೆಲೆಯ ಒಂದು ಭಾಗ ನಗದಾಗಿರದೆ ಸಾಲಪತ್ರಗಳ ರೂಪದಲ್ಲಿತ್ತು. ಆ ಪತ್ರಗಳು ಮಾರುಕಟ್ಟೆಯಲ್ಲಿ ಮುಖಬೆಲೆಗೆ ನಿಲ್ಲುವಂತೆ ಬಡ್ಡಿದರವನ್ನು ಮರುಹೊಂದಿಸುವ ಖಾತರಿಯನ್ನು ಕೆಕೆಆರ್ ಕೊಟ್ಟಿತ್ತು. ಅದನ್ನು ಲೆಕ್ಕಕ್ಕೆ ಹಿಡಿದಾಗ ಎರಡೂ ಬೆಲೆಗಳು ಹೆಚ್ಚುಕಡಿಮೆ ಸಮ ಎಂದು ಸಲಹೆಗಾರರು ಹೇಳಿದರು, ಸಮಿತಿಗೆ ಇತರ ಷರತ್ತುಗಳನ್ನು ತೂಗಿ ನೋಡುವ ಅವಕಾಶ ಸಿಕ್ಕಿತು. ಮೇಲ್ನೋಟದ ಸಂಖ್ಯೆಯ ಹಿಂದಿರುವ ನಿಜವಾದ ಮೌಲ್ಯವನ್ನು ಬಿಡಿಸಿ ತೋರಿಸಿ, ಅಧಿಕಾರದಲ್ಲಿರುವವರ ಎದುರಿಗೂ ಅದನ್ನೇ ಹೇಳುವುದು ಈ ವೃತ್ತಿಯ ತಿರುಳು. ದಲ್ಲಾಳಿಗೂ ಸಲಹೆಗಾರನಿಗೂ ಇರುವ ಅಂತರ ಅಲ್ಲಿದೆ. ಲೆಕ್ಕಪತ್ರದ ಟಿಪ್ಪಣಿಗಳನ್ನು ನಾಲ್ಕು ವರ್ಷ ಅಗೆದು ನೋಡಿರುವ ನಿಮಗೆ ಈ ಕೆಲಸ ಪರಕೀಯವೆನಿಸಲಾರದು.

ನಗರವನ್ನು ಉಳಿಸಿದವರು ಎಂಬ ಮಾತಿಗೂ ಆಧಾರವಿದೆ. 1975ರ ವಸಂತದಲ್ಲಿ ನ್ಯೂಯಾರ್ಕ್ ನಗರದ ಸಾಲಪತ್ರಗಳನ್ನು ಕೊಳ್ಳುವವರೇ ಇಲ್ಲವಾದರು. ರಾಜ್ಯಪಾಲ ಹ್ಯೂ ಕ್ಯಾರಿ ಸಂಕಟದ ಪರಿಹಾರಕ್ಕೆ ಕರೆತಂದವರಲ್ಲಿ ರೊಹಾಟಿನ್ ಒಬ್ಬರು. ಜೂನ್‌ನಲ್ಲಿ ಮುನಿಸಿಪಲ್ ಅಸಿಸ್ಟೆನ್ಸ್ ಕಾರ್ಪೊರೇಷನ್ ಸ್ಥಾಪನೆಯಾಯಿತು. ನಗರಕ್ಕೆ ಬರುತ್ತಿದ್ದ ಮಾರಾಟ ತೆರಿಗೆಯನ್ನು ಸಾಲ ತೀರಿಸಲು ಮೊದಲೇ ಎತ್ತಿಟ್ಟು, ಅದರ ಬಲದ ಮೇಲೆ ಹೊಸ ಸಾಲಪತ್ರ ಹೊರಡಿಸುವುದು ಅದರ ಕ್ರಮ. ಅಕ್ಟೋಬರ್‌ನಲ್ಲಿ ಶಿಕ್ಷಕರ ಸಂಘ ತನ್ನ ಪಿಂಚಣಿ ನಿಧಿಯಿಂದ ಆ ಪತ್ರಗಳನ್ನು ಕೊಳ್ಳಲು ಕೊನೆಯ ಗಳಿಗೆಯಲ್ಲಿ ಒಪ್ಪಿದ್ದರಿಂದ ನಗರ ದಿವಾಳಿಯಾಗುವುದು ತಪ್ಪಿತು. ಆ ನಿಗಮದ ಅಧ್ಯಕ್ಷ ಸ್ಥಾನದಲ್ಲಿ ರೊಹಾಟಿನ್ 1993ರವರೆಗೆ ಇದ್ದರು. ಇದರ ಬೆಲೆಯನ್ನು ಯಾರು ತೆತ್ತರು ಎಂಬುದನ್ನೂ ಹೇಳಬೇಕು. ಸಾವಿರಾರು ನೌಕರರು ಕೆಲಸ ಕಳೆದುಕೊಂಡರು, ಸಬ್‌ವೇ ದರ 35 ಸೆಂಟಿನಿಂದ 50 ಸೆಂಟಿಗೆ ಏರಿತು, ನಗರದ ವಿಶ್ವವಿದ್ಯಾಲಯದಲ್ಲಿ ಉಚಿತ ಶಿಕ್ಷಣ 1976ರಲ್ಲಿ ಕೊನೆಗೊಂಡಿತು. ಸಾಲ ಕೊಟ್ಟವರ ಹಿತ ಮುಂದಾಯಿತು, ಬಡವರ ಹಿತ ಹಿಂದಾಯಿತು ಎಂಬ ಆಕ್ಷೇಪ ಇಂದಿಗೂ ಇದೆ, ಅದಕ್ಕೆ ತೂಕವೂ ಇದೆ. ನೀವು ಓದಿದ ಎರಡು ಚಿತ್ರಗಳಲ್ಲಿ ಒಂದನ್ನು ಆರಿಸಬೇಕಾಗಿಲ್ಲ. ಬ್ಯಾಂಕುಗಳು, ಕಾರ್ಮಿಕ ಸಂಘಗಳು, ಸರ್ಕಾರ ಒಬ್ಬರನ್ನೊಬ್ಬರು ನಂಬದೆ ಕುಳಿತಿದ್ದಾಗ ಎಲ್ಲರ ಜತೆ ಮಾತನಾಡಬಲ್ಲವನಾಗಿದ್ದದ್ದು ಐಟಿಟಿ ಕಾಲದ ಅದೇ ಮನುಷ್ಯ, ಅದೇ ಕೌಶಲ. ಯಾರ ಪರವಾಗಿ, ಎಷ್ಟು ಬಹಿರಂಗವಾಗಿ ಅದನ್ನು ಬಳಸಿದರು ಎಂಬುದು ಬದಲಾಯಿತು.

ನಮ್ಮಲ್ಲಿ ಈ ಕೆಲಸದ ಚೌಕಟ್ಟು ಹೆಚ್ಚಾಗಿ ನಿಯಮಗಳಿಂದ ಕಟ್ಟಿದ್ದು. ಬೆಂಗಳೂರಿನವರಿಗೆ ಮೈಂಡ್‌ಟ್ರೀ ಎಂಬ ಐಟಿ ಕಂಪನಿಯ ಪ್ರಕರಣ ನೆನಪಿದ್ದೀತು. 2019ರ ಮಾರ್ಚ್‌ನಲ್ಲಿ ಎಲ್ ಅಂಡ್ ಟಿ ಕಂಪನಿ ಮೈಂಡ್‌ಟ್ರೀಯ ಶೇಕಡ 20.32ರಷ್ಟು ಷೇರನ್ನು ವಿ.ಜಿ. ಸಿದ್ಧಾರ್ಥ ಅವರ ಕಡೆಯಿಂದ ತಲಾ 980 ರೂಪಾಯಿಯಂತೆ, ಒಟ್ಟು ಸುಮಾರು 3,269 ಕೋಟಿಗೆ ಕೊಳ್ಳುವ ಒಪ್ಪಂದ ಮಾಡಿಕೊಂಡಿತು. ಸಂಸ್ಥಾಪಕರು ಬಹಿರಂಗವಾಗಿ ವಿರೋಧಿಸಿದರು. ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯ 2011ರ ಸ್ವಾಧೀನ ನಿಯಮಗಳ ಪ್ರಕಾರ ಶೇಕಡ 25ರ ಗಡಿ ದಾಟುವವರು ಸಾಮಾನ್ಯ ಷೇರುದಾರರಿಗೂ ಓಪನ್ ಆಫರ್ (ಅವರ ಷೇರು ಕೊಳ್ಳುವ ಬಹಿರಂಗ ಆಹ್ವಾನ) ಕೊಡಬೇಕು, ಸೆಬಿಯಲ್ಲಿ ನೋಂದಾಯಿತ ಮರ್ಚೆಂಟ್ ಬ್ಯಾಂಕರ್ ಅದನ್ನು ನಡೆಸಬೇಕು, ಸ್ವತಂತ್ರ ನಿರ್ದೇಶಕರ ಸಮಿತಿ ತನ್ನ ಅಭಿಪ್ರಾಯವನ್ನು ಲಿಖಿತವಾಗಿ ಕೊಡಬೇಕು. ಹಾಗೆಯೇ ನಡೆದು ಎಲ್ ಅಂಡ್ ಟಿಗೆ ಬಹುಮತ ಬಂತು, 2022ರಲ್ಲಿ ಕಂಪನಿ ಎಲ್‌ಟಿಐಮೈಂಡ್‌ಟ್ರೀ ಆಯಿತು. ಇಂಥ ಪ್ರತಿ ಹೆಜ್ಜೆಯಲ್ಲೂ ನಿಮ್ಮಂಥ ಕಿರಿಯರ ಕೈಕೆಲಸವಿರುತ್ತದೆ. ನೀವು ಊಹಿಸಿರುವ ಪ್ರಭಾವ ಅದರಲ್ಲಿ ಬಹಳ ಕಾಲ ಇರುವುದಿಲ್ಲ; ಮೌಲ್ಯಮಾಪನದ ಮಾದರಿ, ದಾಖಲೆ ಪರಿಶೀಲನೆ, ಮಧ್ಯರಾತ್ರಿಗೆ ಬದಲಾಗುವ ಕರಡುಗಳು ಇರುತ್ತವೆ.

ಹಾಗಾದರೆ ನೀವು ಹೋಗಬಹುದೇ? ಮುಂಬೈ ಅವಕಾಶ ಕಲಿಕೆಯ ದೃಷ್ಟಿಯಿಂದ ಒಳ್ಳೆಯದು, ಏಕೆಂದರೆ ಸಣ್ಣ ಸಂಸ್ಥೆಯಲ್ಲಿ ಎರಡನೆಯ ವರ್ಷಕ್ಕೇ ಕಕ್ಷಿದಾರರ ಎದುರು ಕೂರಲು ಸಿಗುತ್ತದೆ. ಅಪಾಯವೆಂದರೆ ಆದಾಯದ ಏರಿಳಿತ. ಮಾರುಕಟ್ಟೆ ಕುಸಿದ ವರ್ಷ ವ್ಯವಹಾರಗಳು ಸಹಿಯ ಹಂತದಲ್ಲೇ ನಿಂತುಹೋಗುತ್ತವೆ, ಬೋನಸ್ ಸೊನ್ನೆಯಾಗುತ್ತದೆ, ಸಣ್ಣ ಸಂಸ್ಥೆಗಳು ಮೊದಲು ಕಿರಿಯರನ್ನೇ ಕಳಿಸುತ್ತವೆ. ಮನೆಯ ಸಾಲದ ಕಂತನ್ನು ಬೋನಸ್ ನಂಬಿ ಎಂದೂ ನಿರ್ಧರಿಸಬೇಡಿ. ಬೆಂಗಳೂರಿನಲ್ಲೇ ಇದ್ದು, ದೊಡ್ಡ ಲೆಕ್ಕಪರಿಶೋಧನಾ ಸಂಸ್ಥೆಗಳ ಡ್ಯೂ ಡಿಲಿಜೆನ್ಸ್ (ಕೊಳ್ಳುವ ಮುನ್ನ ಕಂಪನಿಯ ಲೆಕ್ಕ, ದಾಖಲೆಗಳ ಪರೀಕ್ಷೆ) ಅಥವಾ ಮೌಲ್ಯಮಾಪನ ವಿಭಾಗಕ್ಕೆ ಬದಲಾಗುವುದು ಇನ್ನೊಂದು ದಾರಿ. ಚಾರ್ಟರ್ಡ್ ಅಕೌಂಟೆಂಟ್ ಆಗಿ ಮೂರು ವರ್ಷ ಅನುಭವವಿರುವವರು ನಿಗದಿತ ತರಬೇತಿ ಮತ್ತು ಪರೀಕ್ಷೆ ಮುಗಿಸಿ ನೋಂದಾಯಿತ ಮೌಲ್ಯಮಾಪಕರಾಗಬಹುದು, ಕಂಪನಿ ಕಾಯ್ದೆಯ 247ನೇ ಕಲಮು ಈ ವೃತ್ತಿಗೆ ಕಾನೂನಿನ ನೆಲೆ ಕೊಟ್ಟಿದೆ. ಅಲ್ಲಿ ಸಂಬಳ ಸ್ಥಿರ, ಆದರೆ ಮಾತುಕತೆಯ ಕೋಣೆಯೊಳಗೆ ಪ್ರವೇಶ ತಡವಾಗಿ ಸಿಗುತ್ತದೆ. ಕಂಪನಿಯೊಂದರ ಸ್ವಾಧೀನ ವಿಭಾಗದಲ್ಲಿ ಸೇರುವ ಮೂರನೆಯ ದಾರಿಯನ್ನು ನಮ್ಮ ಹುಡುಗರು ಯೋಚಿಸುವುದೇ ಕಡಿಮೆ. ಕೊಂಡ ಕಂಪನಿಯೊಂದಿಗೆ ಐದು ವರ್ಷ ಬದುಕಬೇಕಾದವರು ಅವರೇ ಆದ್ದರಿಂದ, ಯಾವ ವಿಲೀನ ಯಾಕೆ ಸೋಲುತ್ತದೆ ಎಂಬುದು ಅಲ್ಲಿ ಕಲಿಯುವಷ್ಟು ಚೆನ್ನಾಗಿ ಬೇರೆಲ್ಲೂ ಕಲಿಯಲಾಗದು. ದೊಡ್ಡ ಸಾಲ ಮಾಡಿ ಎಂಬಿಎಗೆ ಹೋಗುವುದನ್ನು ನಿಮ್ಮ ಈಗಿನ ಸ್ಥಿತಿಯಲ್ಲಿ ನಾನು ಸೂಚಿಸಲಾರೆ.

ನನ್ನ ಒಲವು ಮುಂಬೈ ಕಡೆಗೆ, ಎರಡು ಷರತ್ತುಗಳೊಂದಿಗೆ. ಆರು ತಿಂಗಳ ಖರ್ಚನ್ನು ಮೊದಲು ಕೂಡಿಟ್ಟುಕೊಳ್ಳಿ. ಸೇರುವ ಮುನ್ನ ಆ ಸಂಸ್ಥೆಯ ಪಾಲುದಾರರನ್ನು ಕೇಳಿ: ಕಳೆದ ಕೆಲವು ವರ್ಷಗಳಲ್ಲಿ ಯಾವ ಕಕ್ಷಿದಾರನಿಗಾದರೂ ವ್ಯವಹಾರ ಬೇಡವೆಂದು ಹೇಳಿ ಶುಲ್ಕ ಬಿಟ್ಟಿದ್ದೀರಾ? ಹೆಸರು ಹೇಳದೆಯೂ ಅಂಥ ಒಂದು ಪ್ರಕರಣವನ್ನು ವಿವರಿಸಲು ಅವರಿಗೆ ಸಾಧ್ಯವಿರಬೇಕು. ಪ್ರಶ್ನೆಗೆ ಬೇಸರ ಪಟ್ಟುಕೊಂಡರೆ ಆ ಸಂಸ್ಥೆ ಬೇಡ, ಬೇರೆಯದನ್ನು ಹುಡುಕಿ.

ಇನ್ನೊಂದು ಮಾತು, ಇದು ನಿಮ್ಮ ಮನೆಯವರಿಗೂ ಸೇರಿದ್ದು. ಸೇರಿದ ದಿನದಿಂದ ನಿಮ್ಮ ಕೈಗೆ ಬೆಲೆಯನ್ನೇ ಬದಲಿಸುವ ರಹಸ್ಯ ಮಾಹಿತಿ ಬರುತ್ತದೆ. ಅದನ್ನು ಯಾರು ಯಾರಿಗೆ ಕೊಟ್ಟರು ಎಂಬುದನ್ನು ಹೆಸರು ಮತ್ತು ಪ್ಯಾನ್ ಸಮೇತ ದಾಖಲಿಸಿಡಬೇಕೆಂದು ಸೆಬಿಯ 2015ರ ಇನ್‌ಸೈಡರ್ ಟ್ರೇಡಿಂಗ್ ನಿಯಮಗಳು ವಿಧಿಸುತ್ತವೆ, ಹತ್ತಿರದ ಬಂಧುಗಳು ನಡೆಸುವ ಷೇರು ವ್ಯವಹಾರವೂ ಪರಿಶೀಲನೆಗೆ ಒಳಪಡುತ್ತದೆ. ಹಬ್ಬಕ್ಕೆ ಊರಿಗೆ ಬಂದಾಗ ಸೋದರಮಾವನವರು "ಯಾವ ಷೇರು ತೊಗೊಳ್ಳಲಿ?" ಎಂದು ಕೇಳಿದರೆ, ಆ ವಿಷಯ ಮಾತನಾಡುವಂತಿಲ್ಲ ಎಂದು ಈಗಲೇ ಅವರಿಗೆ ತಿಳಿಸಿಡಿ.